ಸೆಕೆಯ ಊರಿನಲ್ಲಿ ಹೀಟರ್ ಹಾಕಿದ್ದು

ಎಸಿ ರಿಪೇರಿ ಮಾಡುವವನಿಗೆ ಸಿಟ್ಟು ಬಾರದ ದಿನ ಎಂದು ಒಂದಿದ್ದರೆ, ಅದು ಅವನು ಅಂಗಡಿಗೆ ಬೀಗ ಹಾಕಿದ ದಿನ. ಉಳಿದ ದಿನಗಳಲ್ಲಿ ನಾನೀಗ ಹೇಳಲಿರುವಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನನ್ನ ಅಂಗಡಿ ಇರುವುದು ಬಿ.ಸಿ.ರೋಡಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬರೆಯುವುದು ಮಾತ್ರ ಇದೇ ಮೊದಲು. ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಇಲ್ಲಿರುವ ಮಾತುಗಳೆಲ್ಲ ತುಳುವಿನಲ್ಲಿ ಆಡಿದ್ದು, ಕನ್ನಡಕ್ಕೆ ನಾನೇ ತಂದಿದ್ದೇನೆ. ಬೈಗುಳಗಳನ್ನು ತರಲಿಲ್ಲ.

೧. ಇಬ್ಬರು ಗಿರಾಕಿಗಳು

ಡಿಸೆಂಬರಿನ ಒಂದು ಮಧ್ಯಾಹ್ನ ಕಾಕ ಅಂಗಡಿಗೆ ಬಂದರು. ಕಾಕ ಅಂದರೆ ನನ್ನ ಚಿಕ್ಕಪ್ಪ ಅಲ್ಲ. ನಮ್ಮ ಕಡೆ ಹಿರಿಯ ಬ್ಯಾರಿ ಮುಸ್ಲಿಮರನ್ನು ಹಾಗೆ ಕರೆಯುತ್ತೇವೆ. ಬಹಳ ವರ್ಷ ಗಲ್ಫಿನಲ್ಲಿದ್ದು ಬಂದವರು. ಬಂದವರು ಸುಮ್ಮನೆ ಕೂರಲಿಲ್ಲ, ಒಂದು ಕ್ಯಾರವಾನ್ ಮಾಡಿಸಿದರು. ಕ್ಯಾರವಾನ್ ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಒಂದು ಕೋಣೆಯ ಮನೆ. ಒಳಗೆ ಮಂಚ, ಒಲೆ, ಬಾತ್‌ರೂಮು, ಮಾಡಿನ ಮೇಲೆ ಎಸಿ. ಪ್ರವಾಸ ಹೋಗುವವರಿಗೆ ಬಾಡಿಗೆಗೆ ಕೊಡುವುದು ಅವರ ಅಂದಾಜು.

"ಆ ಎಸಿಗೆ ಬಿಸಿ ಹಾಕಿ ಕೊಡು ಮಾರಾಯ" ಅಂದರು ಕಾಕ.

"ಬಿಸಿಯಾ?"

"ಹೌದು. ಬೆಳುವಾಯಿಯ ಒಂದು ಮನೆಯವರು ಚಾರ್ಮಾಡಿ ಹತ್ತಿ ಘಟ್ಟದ ಮೇಲೆ ಹೋಗ್ತಾರೆ. ಒಬ್ಬರು ವಯಸ್ಸಾದ ಅಮ್ಮ ಇದ್ದಾರೆ. ಚಳಿ ತಾಗಿದರೆ ಅವರ ಗಂಟುಗಳೆಲ್ಲ ಹಿಡಿದುಕೊಳ್ತವೆ. ಬಿಸಿ ಉಂಟಾದರೆ ಮಾತ್ರ ಬರ್ತೇನೆ ಅಂದಿದ್ದಾರೆ."

ಇದು ಆಗುವ ಕೆಲಸವೇ. ಎಸಿಯ ಒಳಗೆ ಗಾಳಿ ಹೊರಬರುವ ದಾರಿಯಲ್ಲಿ ಒಂದು ಕಾಯಿಲ್ ಕೂರಿಸುತ್ತಾರೆ. ಇಸ್ತ್ರಿ ಪೆಟ್ಟಿಗೆಯ ಕಾಯಿಲಿನ ಹಾಗೆ ಅದು ಕಾಯುತ್ತದೆ, ಎಸಿಯ ಫ್ಯಾನು ಅದರ ಮೇಲೆ ಗಾಳಿ ಹಾಯಿಸುತ್ತದೆ. ಬೆವರು ಬರುವಷ್ಟು ಬಿಸಿ ಆಗುವುದಿಲ್ಲ, ಚಳಿ ಬಿಡುತ್ತದೆ ಅಷ್ಟೆ. ಇದನ್ನೆಲ್ಲ ಕಾಕನಿಗೆ ವಿವರಿಸುತ್ತಿದ್ದಾಗ, ಅರ್ಧ ಗಂಟೆಯಿಂದ ಸ್ಟೂಲಿನಲ್ಲಿ ಕೂತು ಕಾಯುತ್ತಿದ್ದ ಒಬ್ಬ ಹೆಂಗಸು ಎದ್ದು ನಿಂತರು.

"ಅವರಿಗೆ ನಮ್ಮ ಮನೆಯ ಎಸಿಯನ್ನೇ ಕೊಡಿ. ಎರಡು ವಾರದಿಂದ ಬಿಸಿ ಗಾಳಿಯೇ ಬರ್ತಾ ಉಂಟು. ಯಾವ ಕಾಯಿಲೂ ಹಾಕಲಿಲ್ಲ, ನೀವು ರಿಪೇರಿ ಮಾಡಿದ್ದು ಅಷ್ಟೆ."

೨. ಬೆಳ್ತಂಗಡಿಯ ಅಂಗಡಿ

ಕ್ಯಾರವಾನ್ ನಿಂತದ್ದು ಬೆಳ್ತಂಗಡಿಯಲ್ಲಿ, ಕಾಕನ ಮನೆಯ ಅಂಗಳದಲ್ಲಿ. ಕಾಯಿಲ್ ಎಸಿಯ ಕಂಪೆನಿಯದ್ದೇ ಆಗಬೇಕು ಎಂದು ತರಿಸಿದೆ. ಅಳತೆ ಸ್ವಲ್ಪ ತಪ್ಪಿದರೂ ಪ್ಲಾಸ್ಟಿಕ್ ಕರಗುತ್ತದೆ, ಒಳಗೆ ಮಲಗಿದವರ ಗತಿ ಏನು? ಇನ್ನು ಬೇಕಾದದ್ದು ದಪ್ಪ ವಯರ್ ಮತ್ತು ದಪ್ಪ ಸಾಕೆಟ್. ಪೇಟೆಯ ಎಲೆಕ್ಟ್ರಿಕ್ ಅಂಗಡಿಗೆ ಹೋದೆ.

"ಯಾವುದಕ್ಕೆ?" ಎಂದು ಕೇಳಿದರು ಅಂಗಡಿಯವರು.

"ಹೀಟರಿಗೆ."

"ಎಷ್ಟು ಲೀಟರಿನದ್ದು?"

ನಮ್ಮ ಕಡೆ ಹೀಟರ್ ಅಂದರೆ ನೀರು ಕಾಯಿಸುವುದು. ಬೇರೆ ಹೀಟರನ್ನು ಯಾರೂ ನೋಡಿಲ್ಲ. ಇದು ಗೊತ್ತಿದ್ದೂ ನನಗೆ ಸಿಟ್ಟು ಬಂತು.

"ನೀರು ಇಲ್ಲ. ಗಾಳಿಗೆ."

"ನೀರಿಲ್ಲದೆ ಹಾಕಿದರೆ ಕಾಯಿಲ್ ಸುಟ್ಟು ಹೋಗ್ತದೆ. ನಾನು ಕೊಡುವುದಿಲ್ಲ, ನಾಳೆ ನನ್ನ ಮೇಲೆ ಬರ್ತದೆ."

ಘಟ್ಟ ಹತ್ತುವ ಅಮ್ಮನ ಗಂಟುನೋವಿನ ಕತೆ ಹೇಳಿ, ಹತ್ತು ನಿಮಿಷ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಇದು ಎಸಿ, ಇದು ಫ್ಯಾನು, ಇದು ಕಾಯಿಲ್. ಅತಿಯಾಗಿ ಕಾದರೆ ತಾನೇ ಆಫ್ ಆಗುವ ಸ್ವಿಚ್ ಇದು. ಫ್ಯಾನು ತಿರುಗದೆ ಕಾಯಿಲ್ ಕಾಯುವುದೇ ಇಲ್ಲ. ಅಂಗಡಿಯವರು ಚಿತ್ರವನ್ನು ಎರಡು ಕಡೆಯಿಂದಲೂ ತಿರುಗಿಸಿ ನೋಡಿ ವಯರ್ ಅಳೆದು ಕೊಟ್ಟರು. ಮತ್ತೆ ಕೈಯಲ್ಲಿದ್ದ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡು ಹೇಳಿದರು:

"ಬಿಸಿ ಗಾಳಿ ಬೇಕಾದರೆ ಆ ಅಮ್ಮನನ್ನು ನಮ್ಮ ಅಂಗಡಿಯ ಒಳಗೆ ಒಂದು ಗಳಿಗೆ ಕೂರಿಸಿ ಮಾರಾಯ್ರೇ. ಇಲ್ಲಿ ಧರ್ಮಕ್ಕೆ ಉಂಟು."

೩. ಒಂದೇ ಪ್ಲಗ್ ಅಲ್ವಾ

ಕಾಯಿಲ್ ಕೂರಿಸಿದೆ. ಕಾಕನಿಗೆ ಸ್ಪಷ್ಟವಾಗಿ ಹೇಳಿದೆ: "ಇದು ತುಂಬ ಕರೆಂಟು ಎಳೆಯುತ್ತದೆ. ನಾಳೆ ಬಂದು ಮನೆಯಿಂದ ಬೇರೆ ಲೈನ್ ಎಳೆದು ಕೊಡ್ತೇನೆ. ಅಲ್ಲಿಯವರೆಗೆ ಆನ್ ಮಾಡಬೇಡಿ." ಕಾಕ ತಲೆ ಅಲ್ಲಾಡಿಸಿದರು. ತಲೆ ಅಲ್ಲಾಡಿಸುವುದು ಒಪ್ಪಿಗೆ ಎಂದು ತಿಳಿದದ್ದು ನನ್ನ ತಪ್ಪು.

ಮರುದಿನ ಬೆಳಿಗ್ಗೆ ಆರೂವರೆಗೆ ಹೋದರೆ ಅಂಗಳದಲ್ಲಿ ಸುಟ್ಟ ವಾಸನೆ. ಅಡುಗೆ ಕೋಣೆಯ ಕಿಟಕಿಯಿಂದ ಒಂದು ತೆಳು ಎಕ್ಸ್‌ಟೆನ್ಶನ್ ವಯರ್ ಹೊರಗೆ ಬಂದು ಕ್ಯಾರವಾನಿಗೆ ಸೇರಿದೆ. ಅದೇ ಬೋರ್ಡಿನಲ್ಲಿ ಫ್ರಿಜ್ಜು, ಗ್ರೈಂಡರ್, ಕಾಕನ ಮೊಬೈಲ್. ಬಿಳಿ ಪ್ಲಗ್ ಕಾಯಿಸಿದ ಹಪ್ಪಳದ ಬಣ್ಣಕ್ಕೆ ಬಂದಿದೆ.

"ಯಾರು ಆನ್ ಮಾಡಿದ್ದು?" ಎಂದು ಕೂಗಿದೆ.

"ಸ್ವಲ್ಪ ನೋಡಿದ್ದು ಅಷ್ಟೆ" ಅಂದರು ಕಾಕ. "ಒಂದೇ ಪ್ಲಗ್ ಅಲ್ವಾ?"

ನಾನು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮಲಗಿದ ಅಮ್ಮನ ತಲೆಯ ಮೇಲೆ ಬೆಂಕಿ ಬಿದ್ದರೆ ಯಾರು ಉತ್ತರ ಕೊಡುವುದು? ನಿಮ್ಮ ಕ್ಯಾರವಾನೂ ಬೇಡ, ನಿಮ್ಮ ಕೆಲಸವೂ ಬೇಡ ಎಂದು ಸ್ಕ್ರೂ ಡ್ರೈವರ್ ಚೀಲಕ್ಕೆ ಹಾಕಿದೆ. ಅಷ್ಟರಲ್ಲಿ ಕಾಕನ ಹೆಂಡತಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರು. ಗ್ರೈಂಡರ್ ಅರ್ಧದಲ್ಲಿ ನಿಂತಿತ್ತು.

"ಸರಿಯಾಗಿ ಬೈಯಿರಿ ಅಣ್ಣಾ, ನಿಲ್ಲಿಸಬೇಡಿ. ನಾನು ಮೂವತ್ತು ವರ್ಷ ಬೈದೆ, ಒಂದೂ ತಾಗಲಿಲ್ಲ. ಆದರೆ ಮೊದಲು ನನ್ನ ಗ್ರೈಂಡರ್ ತಿರುಗುವ ಹಾಗೆ ಮಾಡಿ, ಮತ್ತೆ ಬೈಯಿರಿ."

ಬೇರೆ ಲೈನ್ ಎಳೆದೆ. ಆ ಬೆಳಗಿನ ಚಳಿಯಲ್ಲಿ ಹೀಟರ್ ಹಾಕಿ ನೋಡಿದೆ. ಚೆನ್ನಾಗಿ ಬಿಸಿ ಬಂತು. ಬೆಳಗಿನ ಚಳಿಯಲ್ಲಿ ಎಂದು ಹೇಳಿದ್ದನ್ನು ದಯವಿಟ್ಟು ನೆನಪಿಡಿ.

೪. ಬೆಳುವಾಯಿಯ ಪರೀಕ್ಷೆ

ಹೊರಡುವ ಹಿಂದಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಕ್ಯಾರವಾನನ್ನು ಬೆಳುವಾಯಿಯ ಆ ಮನೆಗೆ ಒಯ್ದೆವು. ಮನೆಯವರು ಜೈನರು, ಗದ್ದೆ ತೋಟ ನೋಡಿಕೊಂಡಿರುವವರು. ಅಮ್ಮ ಜಗಲಿಯಲ್ಲಿ ಕೂತಿದ್ದರು. ಘಟ್ಟದ ಮೇಲಿರುವ ತಮ್ಮ ಅಕ್ಕನನ್ನು ನೋಡದೆ ಎಂಟು ವರ್ಷ ಆಗಿದೆಯಂತೆ. ಅಲ್ಲಿಯ ಬಚ್ಚಲು ಮನೆಯ ಹೊರಗೆ. ಚಳಿಯಲ್ಲಿ ಅಂಗಳ ದಾಟುವುದು ಇವರ ಮೊಣಕಾಲಿಗೆ ಆಗದು. ಅದಕ್ಕೇ ಕ್ಯಾರವಾನ್.

ಮಗ ಹೇಳಿದರು: "ನಮ್ಮೆದುರು ಒಮ್ಮೆ ಬಿಸಿ ಹಾಕಿ ತೋರಿಸಿ. ಬಂದರೆ ನಾಳೆ ಅಮ್ಮನನ್ನು ಕರೆದುಕೊಂಡು ಹೋಗುವ. ಇಲ್ಲದಿದ್ದರೆ ಅವರು ಬರುವುದು ಬೇಡ."

ಅವರ ಮನೆಯ ದಪ್ಪ ಪಾಯಿಂಟಿಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಏನೂ ಇಲ್ಲ. ಪುನಃ ಹಾಕಿದೆ. ಏನೂ ಇಲ್ಲ. ಮುಚ್ಚಳ ಬಿಚ್ಚಿ ಪ್ರತಿ ವಯರನ್ನೂ ಮೂರು ಸಲ ನೋಡಿದೆ. ಬೆವರು ಕಣ್ಣಿಗೆ ಇಳಿಯಿತು. ನೆರೆಯವರು ನಾಲ್ಕು ಜನ ಬಂದು ನಿಂತರು. ಒಬ್ಬರು "ಫ್ಯೂಸ್ ಹೋಗಿರಬೇಕು" ಅಂದರು, ಇನ್ನೊಬ್ಬರು "ಚೈನಾ ಮಾಲು" ಅಂದರು.

ಕೊನೆಗೆ ನನಗೆ ಹೊಳೆಯಿತು. ಹೀಟರಿಗೆ ಒಂದು ಥರ್ಮೋಸ್ಟಾಟ್ ಇರುತ್ತದೆ. ಅದು ಒಳಗಿನ ಸೆಕೆ ಅಳೆಯುವ ಸಾಧನ. ಒಳಗೆ ತಣ್ಣಗಿದ್ದರೆ ಮಾತ್ರ ಹೀಟರನ್ನು ಆನ್ ಮಾಡುತ್ತದೆ. ಆ ಮಧ್ಯಾಹ್ನ ಕ್ಯಾರವಾನಿನ ಒಳಗೆ ಇಡ್ಲಿ ಬೇಯುತ್ತಿತ್ತು. ಇಷ್ಟು ಸೆಕೆಯಲ್ಲಿ ಇನ್ನೂ ಬಿಸಿ ಕೇಳುವವರು ಯಾರು ಎಂದು ಅದು ಸುಮ್ಮನೆ ಕೂತಿತ್ತು.

"ಇದಕ್ಕೆ ತಣ್ಣಗೆ ಆಗಬೇಕು, ಐಸ್ ತನ್ನಿ" ಅಂದೆ.

ಮನೆಯ ಫ್ರಿಜ್ಜಿನಲ್ಲಿ ಐಸ್ ಇರಲಿಲ್ಲ. ಅಮ್ಮನಿಗೆ ತಣ್ಣಗಿನದು ಆಗದು ಎಂದು ಮಾಡುವುದೇ ಇಲ್ಲವಂತೆ. ಜಗಲಿಯಿಂದ ಅಮ್ಮ "ಮಗಾ, ಅಲ್ಲ..." ಎಂದು ಏನೋ ಹೇಳಲು ಹೊರಟರು.

ನನ್ನ ಸಿಟ್ಟು ನೆತ್ತಿಯಲ್ಲಿತ್ತು. "ಅಮ್ಮಾ, ನೀವು ಸುಮ್ಮನೆ ಕೂತುಕೊಳ್ಳಿ. ಇದು ಟೆಕ್ನಿಕಲ್ ವಿಷಯ. ನಾನು ಇಪ್ಪತ್ತೆರಡು ವರ್ಷದಿಂದ ಎಸಿ ಮಾಡುವವನು."

ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

ಕಾಕ ಜೀಪು ಹತ್ತಿ ಹೋದವರು ಐದೇ ನಿಮಿಷದಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ತುಂಬ ಐಸ್ ತಂದರು. ಎಲ್ಲಿಂದ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು. ವಯರಿಗೆ ನೀರು ತಾಗದ ಹಾಗೆ ಜಾಗ್ರತೆಯಿಂದ ತೊಟ್ಟೆಯನ್ನು ಥರ್ಮೋಸ್ಟಾಟಿನ ತುದಿಗೆ ಹಿಡಿದೆ. ಟಕ್ ಎಂದಿತು. ಫ್ಯಾನು ತಿರುಗಿತು. ಬಿಸಿ ಗಾಳಿ ಬಂತು. ನೆರೆಯವರು ಚಪ್ಪಾಳೆ ತಟ್ಟಿದರು.

ಅರ್ಧ ನಿಮಿಷ ಆಯಿತು. ತಟ್ಟುತ್ತಿದ್ದ ಕೈಗಳು ಒಂದೊಂದಾಗಿ ಮೂಗಿಗೆ ಹೋದವು. ತೊಟ್ಟೆಯಲ್ಲಿ ತೂತು ಇತ್ತು. ಸೋರಿದ ನೀರು ಕೆಳಗಿನ ಫಿಲ್ಟರ್ ಸ್ಪಂಜಿಗೆ ಇಳಿದಿತ್ತು. ಮೀನೆಂಬುದನ್ನು ಅಡುಗೆ ಮನೆಗೆ ಎಂದೂ ಸೇರಿಸದ ಆ ಮನೆಯ ಅಂಗಳದಲ್ಲಿ ಬಿಸಿ ಬಿಸಿ ಬಂಗುಡೆಯ ಪರಿಮಳ ತುಂಬಿತು.

"ಕಾಕಾ! ಐಸ್ ಎಲ್ಲಿಂದ?"

"ರಸ್ತೆಯಲ್ಲಿ ಮೀನಿನವನ ಸ್ಕೂಟರ್ ಸಿಕ್ಕಿತು. ಪೆಟ್ಟಿಗೆಯ ಅಡಿಯ ಐಸ್ ಕೊಡುತ್ತಿದ್ದ, ನಾನು ಬೇಡ ಅಂದೆ. ಜೈನರ ಮನೆ ಅಲ್ವಾ, ಮೇಲಿನದ್ದೇ ಕೇಳಿ ತಂದಿದ್ದೇನೆ."

೫. ಅಮ್ಮ ಕೇಳಿದ್ದು

ಸಂಜೆಯವರೆಗೆ ಫಿಲ್ಟರನ್ನು ಸೀಗೆಪುಡಿ, ಲಿಂಬೆಹಣ್ಣು ಹಾಕಿ ಉಜ್ಜಿದೆ. ಉಜ್ಜಿದಷ್ಟೂ ಹೊತ್ತು ಕಾಕನನ್ನು ಬೈದೆ, ಮೀನಿನವನನ್ನು ಬೈದೆ, ಥರ್ಮೋಸ್ಟಾಟ್ ಕಂಡುಹಿಡಿದವನನ್ನು ಬೈದೆ. ಮನೆಯವರು ಮಾತ್ರ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಗ ಬಂದು ಮೂಗು ಹಾಕಿ ನೋಡಿ ಅಮ್ಮನ ಕಡೆ ತಿರುಗಿದರು. "ಹೋಗುವನಾ?" ಅಮ್ಮ ಹೇಳಿದರು: "ಹೋಗುವ. ಅಕ್ಕ ಕಾಯ್ತಾಳೆ."

ಅಕ್ಕನ ಮನೆಗೆ ನಾನೇ ಫೋನ್ ಮಾಡಿ ಅಂಗಳದಲ್ಲಿ ದಪ್ಪ ಪಾಯಿಂಟ್ ಹಾಕಿಸಿದೆ. ಅವರು ಹೋಗಿ ಬರುವವರೆಗೆ ನನಗೆ ಊಟ ಸೇರಲಿಲ್ಲ.

ಬಂದ ದಿನ ಕಾಕನೂ ನಾನೂ ಕ್ಯಾರವಾನ್ ತರಲು ಬೆಳುವಾಯಿಗೆ ಹೋದೆವು. ಅಮ್ಮ ಜಗಲಿಯಿಂದ ತಾವೇ ಎದ್ದು ಬಂದರು.

"ಬಿಸಿ ಚೆನ್ನಾಗಿ ಬಂತು ಮಗಾ. ಅಕ್ಕನೂ ನನ್ನ ಜೊತೆ ಅದರಲ್ಲೇ ಮಲಗಿದಳು. ಮೂರು ದಿನವೂ ಮಾತು ಮುಗಿಯಲಿಲ್ಲ. ಅವಳ ಮನೆಯ ಬೆಕ್ಕುಗಳು ಮಾತ್ರ ಬಾಗಿಲು ಬಿಟ್ಟು ಹೋಗಲಿಲ್ಲ. ಯಾಕೆಂದು ನಾವು ಅವಳಿಗೆ ಹೇಳಲಿಲ್ಲ."

ನನ್ನ ಎದೆ ಹಗುರಾಯಿತು. ಎಷ್ಟೋ ದಿನದ ನಂತರ ಸಿಟ್ಟು ಪೂರ್ತಿ ಇಳಿದಿತ್ತು. ಆಗ ಅಮ್ಮ ಸ್ವಲ್ಪ ಹತ್ತಿರ ಬಂದು ದನಿ ತಗ್ಗಿಸಿದರು.

"ಒಂದು ಕೇಳ್ಲಾ? ಆ ದಿನ ಎಲ್ಲರ ಎದುರು ಕೇಳಿದರೆ ನಿನಗೆ ಬೇಸರ ಆದೀತು ಅಂತ ಸುಮ್ಮನಿದ್ದೆ."

"ಕೇಳಿ ಅಮ್ಮ."

"ಅದು ಎಸಿ ಅಲ್ವಾ? ತಣ್ಣಗೆ ಆಗಬೇಕಾದರೆ ಮೊದಲು ಅದನ್ನೇ ಹತ್ತು ನಿಮಿಷ ಹಾಕಿದ್ದರೆ ಆಗ್ತಿರಲಿಲ್ವಾ?"