ನನ್ನನ್ನು ಪೊರೆಯದ ಪೊರೆ

ಐವತ್ತಾರು ವರ್ಷ ನಾನು ನನ್ನ ಮೈಯೊಳಗೆ ಏನಿದೆ ಎಂದು ತಿಳಿಯದೆ ಸುಖವಾಗಿ ಬದುಕಿದ್ದೆ. ಹೊಟ್ಟೆ ಎಂಬುದೊಂದಿದೆ, ಅದು ದಿನಕ್ಕೆ ಮೂರು ಸಲ ಕೂಗುತ್ತದೆ. ಎದೆ ಎಂಬುದೊಂದಿದೆ, ಹೆಂಡತಿ ಕೂಗಿದಾಗ ಅದು ಹೊಡೆದುಕೊಳ್ಳುತ್ತದೆ. ಮನ್ಸೂರಾ ಪಟ್ಟಣದ ಒಬ್ಬ ಉಪ್ಪಿನಕಾಯಿ ವ್ಯಾಪಾರಿಗೆ ಇಷ್ಟು ಅಂಗರಚನಾಶಾಸ್ತ್ರ ಧಾರಾಳವಾಗಿ ಸಾಕು. ಕಳೆದ ತಿಂಗಳು ನನ್ನ ಮಗಳು ನನಗೆ ಜ್ಞಾನೋದಯ ಮಾಡಿಸಿದಳು. ಗ್ರಹಚಾರ ವಕ್ಕರಿಸಿದ್ದು ಅಲ್ಲಿಂದ.

ಮಗಳು ರಬಾಬ್ ನರ್ಸಿಂಗ್ ಸಂಸ್ಥೆಯಲ್ಲಿ ಮೊದಲ ವರ್ಷದಲ್ಲಿದ್ದಾಳೆ. ಒಂದು ಶುಕ್ರವಾರ ಅಪ್ಪಣೆ ಪಡೆದು ಪುಟ್ಟದೊಂದು ಸೂಕ್ಷ್ಮದರ್ಶಕವನ್ನು ಮನೆಗೆ ತಂದಳು. ಅಡುಗೆಮನೆಯ ಗೋಡೆಗೆ ಚರ್ಮ ಸುಲಿದ ಮನುಷ್ಯನ ಪಟವನ್ನೂ ತೂಗುಹಾಕಿದಳು. (ನನ್ನ ಹೆಂಡತಿ ಇನ್ಸಾಫ್ ತಕ್ಷಣ ಅವನ ಸೊಂಟಕ್ಕೊಂದು ಕರವಸ್ತ್ರ ಸಿಕ್ಕಿಸಿದಳು. ಚರ್ಮವೇ ಇಲ್ಲದವನಿಗೆ ಮಾನದ ಚಿಂತೆ ಇರಲಾರದು. ಆದರೆ ಇನ್ಸಾಫ್ ಎಂದರೆ ನ್ಯಾಯ. ಆ ನ್ಯಾಯಾಲಯದಲ್ಲಿ ಮೇಲ್ಮನವಿಗೆ ಅವಕಾಶವಿಲ್ಲ.)

"ಬಾಬಾ, ಮೂತ್ರಪಿಂಡ ಎಲ್ಲಿದೆ ತೋರ್ಸು ನೋಡೋಣ" ಎಂದಳು ರಬಾಬ್.

ನಾನು ಹೊಕ್ಕುಳ ಪಕ್ಕ ಬೆರಳಿಟ್ಟೆ.

"ಅದು ಕರುಳು. ಮೂತ್ರಪಿಂಡ ಹಿಂದೆ, ಬೆನ್ನ ಹತ್ರ."

"ಹಾಗಾದ್ರೆ ಹತ್ತು ವರ್ಷದಿಂದ ನಾನು ಇಲ್ಲಿ ಹಿಡ್ಕೊಂಡು ನರಳ್ತಿದ್ದದ್ದು ಏನು?"

"ಗ್ಯಾಸು" ಎಂದಳು ಇನ್ಸಾಫ್, ಒಲೆಯ ಕಡೆಯಿಂದ.

ಆಮೇಲೆ ರಬಾಬ್ ಕೆಂಪು ಈರುಳ್ಳಿಯ ತೆಳ್ಳನೆಯ ಸಿಪ್ಪೆಯೊಂದನ್ನು ಗಾಜಿನ ಮೇಲಿಟ್ಟು ನನ್ನನ್ನು ಕರೆದಳು. ಬಗ್ಗಿ ನೋಡಿದೆ. ಒಂದರ ಪಕ್ಕ ಒಂದು ಪುಟ್ಟ ಪುಟ್ಟ ಕೋಣೆಗಳು, ಒಳಗೆ ತುಂಬಿದ ನೇರಳೆ ಬಣ್ಣ. ಜೀವಕೋಶ ಅಂದರೆ ಅದಂತೆ. "ಈಗ ನಿನ್ನ ಅಂಗಡಿ ನೀರು ಕೊಡು" ಎಂದಳು. ನಾನು ಹೆಮ್ಮೆಯಿಂದ ಉಪ್ಪಿನಕಾಯಿಯ ನೀರು ತಂದುಕೊಟ್ಟೆ. ಮನ್ಸೂರಾದ ಅರ್ಧ ಜನ ಬೇಯಿಸಿದ ಕಾಳಿನ ಫೂಲ್ ತಿಂದ ಮೇಲೆ ಈ ನೀರನ್ನು ಲೋಟದಲ್ಲಿ ಕುಡಿದು ತೇಗುತ್ತಾರೆ. ನಾನಂತೂ ಮೂವತ್ತು ವರ್ಷದಿಂದ ಬೆಳಿಗ್ಗೆ ಎದ್ದವನು ಮೊದಲು ಕುಡಿಯುವುದು ಅದನ್ನೇ. ಅವಳು ಒಂದು ಹನಿ ಬಿಟ್ಟಳು.

ಐದು ನಿಮಿಷದಲ್ಲಿ ಆ ನೇರಳೆಯೆಲ್ಲ ಗೋಡೆ ಬಿಟ್ಟು, ಯಾರೋ ಗದರಿಸಿದ ಹಾಗೆ, ನಡುವೆ ಮುದುಡಿಕೊಂಡಿತು.

"ಏನಾಯ್ತೇ ಅದಕ್ಕೆ?"

"ಕೋಶಕ್ಕೆ ಒಂದು ಪೊರೆ ಇರತ್ತೆ ಬಾಬಾ. ನಮ್ಮ ಕಟ್ಟಡದ ಬಾಗಿಲು ಕಾಯೋ ಇದ್ರೀಸ್ ಮಾಮನ ಥರ. ಯಾರನ್ನ ಒಳಗೆ ಬಿಡ್ಬೇಕು, ಯಾರನ್ನ ಬಿಡ್ಬಾರ್ದು ಅಂತ ನೋಡ್ಕೊಳ್ಳತ್ತೆ. ಉಪ್ಪನ್ನ ಸುಲಭವಾಗಿ ಬಿಡಲ್ಲ, ನೀರನ್ನ ಬಿಡತ್ತೆ. ಹೊರಗೆ ಉಪ್ಪು ಜಾಸ್ತಿ ಆದ್ರೆ ಒಳಗಿನ ನೀರು ಹೊರಗೆ ಹೋಗಿ ಕೋಶ ಮುದುಡತ್ತೆ."

ಇದ್ರೀಸನ ಕಾವಲು ನನಗೆ ಗೊತ್ತಿಲ್ಲವೇ? ಒಂದು ಸಿಗರೇಟು ಕೊಟ್ಟರೆ ಒಂಟೆಯನ್ನೂ ಮೆಟ್ಟಿಲು ಹತ್ತಿಸುತ್ತಾನೆ. "ನಂಗೂ ಈ ಗೋಡೆ ಇದೆ ತಾನೆ?" ಎಂದು ಕೇಳಿದೆ.

"ಗೋಡೆ ಇರೋದು ಗಿಡಕ್ಕೆ. ನಮ್ಗೆ ಬರೀ ಪೊರೆ."

ಆಮೇಲೂ ಅವಳು ಏನೇನೋ ಹೇಳಿದಳು. ಒಂದೂ ಕಿವಿಗೆ ಬೀಳಲಿಲ್ಲ. ಮೈತುಂಬ ಕೋಟಿಗಟ್ಟಲೆ ಕೋಣೆಗಳು, ಒಂದಕ್ಕೂ ಗೋಡೆಯಿಲ್ಲ, ಬಾಗಿಲಿಗೆ ಇದ್ರೀಸ್. ನಾನೋ ಮೂವತ್ತು ವರ್ಷ ದಿನಾ ಮುಂಜಾನೆ ಅವುಗಳ ಮೇಲೆ ಉಪ್ಪುನೀರು ಸುರಿದಿದ್ದೇನೆ. ಬೆರಳ ತುದಿಗಳನ್ನು ನೋಡಿಕೊಂಡೆ. ಸುಕ್ಕುಗಟ್ಟಿದ್ದವು. (ದಿನವಿಡೀ ಪೀಪಾಯಿಯಲ್ಲಿ ಕೈಯಾಡಿಸುವವನ ಬೆರಳು ಸುಕ್ಕಾಗದೆ ಅರಳುತ್ತದೆಯೇ ಎಂದು ಈಗ ಅನ್ನಿಸುತ್ತದೆ. ಭಯಕ್ಕೆ ಅಷ್ಟು ವ್ಯವಧಾನವಿರುವುದಿಲ್ಲ.)

ಅವತ್ತಿನಿಂದ ನೀರು ಕುಡಿಯತೊಡಗಿದೆ. ಒಂದು ಹೂಜಿ, ಎರಡು ಹೂಜಿ, ಮೂರು. ಊಟದಲ್ಲಿ ಉಪ್ಪು ಬಿಟ್ಟೆ. ನನ್ನ ಕೋಶಗಳು ಬಾಯಿ ತೆರೆದು ಕಾಯುತ್ತಿವೆ ಎಂದು ನೆನೆದಾಗಲೆಲ್ಲ ಇನ್ನೊಂದು ಲೋಟ.

"ರಬಾಬಳಪ್ಪಾ, ಬಾಗ್ಲು ತೆಗೀರಿ" ಎಂದು ಇನ್ಸಾಫ್ ಬಚ್ಚಲಿನ ಬಾಗಿಲು ಬಡಿಯುತ್ತಿದ್ದಳು. "ಈ ಮನೇಲಿ ಇನ್ನೂ ಇಬ್ರು ಇದೀವಿ."

"ಜೀವ ಉಳಿಸ್ಕೋತಿದೀನಿ ಕಣೆ."

"ಅಲ್ಲಿ ಕೂತ್ಕೊಂಡಾ?"

ಮೂರನೆಯ ಬೆಳಿಗ್ಗೆ ತಲೆ ಭಾರ, ಬಾಯಿ ಸಪ್ಪೆ. ಪುಸ್ತಕದಲ್ಲಿ ಮುಳುಗಿದ್ದ ರಬಾಬಳನ್ನು, ಬೇರೆ ಯಾರದೋ ವಿಷಯವೆಂಬಂತೆ ಕೇಳಿದೆ: "ಅಲ್ಲಮ್ಮ, ಆ ಕೋಶಕ್ಕೆ ಬರೀ ನೀರು ಹಾಕಿದ್ರೆ ಒಳ್ಳೇದಲ್ವಾ?"

"ರಕ್ತದ ಕೋಶಕ್ಕಾ? ಬರೀ ನೀರಲ್ಲಿಟ್ರೆ ಉಬ್ಬಿ ಉಬ್ಬಿ ಒಡೆದುಹೋಗತ್ತೆ" ಎಂದು ಹಾಳೆ ಮಗುಚಿದಳು.

ಕೈಯಲ್ಲಿದ್ದ ಲೋಟ ಮೇಜಿನ ಮೇಲೆ ತಾನಾಗಿ ಕುಳಿತುಕೊಂಡಿತು. ಕುಡಿದರೆ ಒಡೆಯುವುದು, ಕುಡಿಯದಿದ್ದರೆ ಮುದುಡುವುದು. ಅಂಗಡಿಗೆ ಹೋದೆನಾದರೂ ದಾರಿಯುದ್ದಕ್ಕೂ ಮೆತ್ತಗೆ ಹೆಜ್ಜೆಯಿಟ್ಟೆ. ಎಲ್ಲಿ ಏನು ಒಡೆಯುತ್ತದೋ ಎಂಬ ಅಂಜಿಕೆ. ಬಾಗಿಲು ತೆರೆದರೆ ಸಾಲಾಗಿ ಆರು ಪೀಪಾಯಿ. ಸೌತೆಕಾಯಿ, ಟರ್ನಿಪ್, ನಿಂಬೆ, ಎಲ್ಲವೂ ಮುದುಡಿ ಮುಳುಗಿವೆ. ಆ ಕ್ಷಣಕ್ಕೆ ನನಗೆ ಇಡೀ ಬೀದಿಯ ನೆನಪಾಯಿತು. ಕ್ಷೌರಿಕ, ಮಸೀದಿಯಲ್ಲಿ ಬಾಂಗು ಕೂಗುವ ಮುಅಜ್ಜಿನ್, ಶಾಲೆಯ ಮೇಷ್ಟರು, ಅವರ ಮಕ್ಕಳುಮರಿ. ಇವರೆಲ್ಲರ ಕೋಟ್ಯನುಕೋಟಿ ಕೋಶಗಳನ್ನು ಮೂವತ್ತು ವರ್ಷ ಮುದುಡಿಸಿದ ಪಾಪಿ ನಾನು. ನಾಳೆ ದೇವರ ಮುಂದೆ ಏನು ಹೇಳಲಿ? ಅಂಗಿಯ ತೋಳು ಮಡಚಿ, "ಇದನ್ನ ತಿಂದ್ರೆ ಮುದುಡ್ತೀರಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತ, ಒಂದಾದ ಮೇಲೊಂದು ಆರೂ ಪೀಪಾಯಿಗಳನ್ನು ಚರಂಡಿಗೆ ಉರುಳಿಸಿದೆ.

ಆರನೆಯದು ಖಾಲಿಯಾಗುತ್ತಿದ್ದಂತೆ ಬೀದಿ ಗಿರ್ರನೆ ತಿರುಗಿತು. ವಾಂತಿಯಾಯಿತು. ಒಡೆದೆ ಅಂದುಕೊಂಡೇ ಟರ್ನಿಪ್‌ಗಳ ನಡುವೆ ಬಿದ್ದೆ.

ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚ. ರಬಾಬ್ ನನ್ನ ಕೈ ಹಿಡಿದು ಬಿಕ್ಕುತ್ತಿದ್ದಳು. "ಬಾಬಾ, ನಾನು ಗಾಜಿನ ಮೇಲಿನ ಕೋಶದ ಮಾತು ಹೇಳಿದ್ದು. ಮೈಯಲ್ಲಿ ಮೂತ್ರಪಿಂಡ ಎಲ್ಲಾನೂ ಸರಿದೂಗಿಸತ್ತೆ ಅಂತಾನೂ ಹೇಳಿದ್ನಲ್ಲ." ಇನ್ಸಾಫ್ ಅಳುತ್ತಿರಲಿಲ್ಲ. ಬಾಯಲ್ಲಿ ಪ್ರಾರ್ಥನೆ ಗೊಣಗುತ್ತ, ಹೊದಿಕೆಯ ಅಂಚನ್ನು ನನ್ನ ಕಾಲ ಕೆಳಗೆ ಸಿಕ್ಕಿಸುವುದು, ಎಳೆಯುವುದು, ಮತ್ತೆ ಸಿಕ್ಕಿಸುವುದು. ಮದುವೆಯಾದಾಗಿನಿಂದ ಅವಳು ಹೆದರಿದ್ದನ್ನು ನಾನು ಕಂಡಿರಲಿಲ್ಲ. ನಿಜವಾದ ಭಯ ನನಗೆ ಹುಟ್ಟಿದ್ದು ಅದನ್ನು ನೋಡಿ.

ರಕ್ತದ ವರದಿ ಹಿಡಿದು ಡಾಕ್ಟರು ಬಂದರು. "ಎಷ್ಟು ನೀರು ಕುಡಿದ್ರಿ?"

"ಲೆಕ್ಕ ಇಟ್ಟಿಲ್ಲ ಡಾಕ್ಟರೇ."

"ನಾನು ಇಟ್ಟಿದೀನಿ" ಎಂದಳು ಇನ್ಸಾಫ್. "ನಿನ್ನೆ ಒಂದೇ ದಿನ ಐವತ್ತು ಲೋಟ. ಬಾಗ್ಲು ಬಡಿದದ್ದು ಇಪ್ಪತ್ತೆರಡು ಸಲ."

"ನೀರು ಹೆಚ್ಚಾಗಿ ರಕ್ತದಲ್ಲಿ ಉಪ್ಪು ತೆಳುವಾಗಿದೆ. ಇನ್ನೊಂದು ದಿನ ಹೀಗೇ ಮಾಡಿದ್ರೆ ಮಿದುಳಿಗೆ ಕಷ್ಟ ಆಗ್ತಿತ್ತು." ಅವರು ನನ್ನ ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯನ್ನು ಸರಿಪಡಿಸಿದರು.

"ಅದ್ರಲ್ಲಿ ಏನು ಔಷಧಿ?" ಎಂದು ಇನ್ಸಾಫ್ ಕೇಳಿದಳು.

"ಉಪ್ಪುನೀರು."

ಇನ್ಸಾಫ್ ಬಾಟಲಿ ನೋಡಿದಳು, ನನ್ನನ್ನು ನೋಡಿದಳು, ಹೊದಿಕೆಯಿಂದ ಕೈ ತೆಗೆದಳು. ಅವಳ ಭಯ ಹೋದದ್ದು, ನನ್ನದು ಇನ್ನೊಂದು ದಾರಿಯಿಂದ ಮರಳಿ ಬಂದದ್ದು ಒಂದೇ ಗಳಿಗೆಯಲ್ಲಿ.

"ನಾಳೆ ಮನೆಗೆ ಹೋಗ್ಬಹುದು" ಎಂದರು ಡಾಕ್ಟರು. "ನೀರು ಕಡಿಮೆ. ಒಂದೆರಡು ದಿನ ಊಟದ ಜೊತೆ ಸ್ವಲ್ಪ ಉಪ್ಪಿನಕಾಯಿ ತಿನ್ನಿ. ಆಮೇಲೆ ಅದೂ ಮಿತವಾಗಿ. ಏನು ಕೆಲಸ ನಿಮ್ಮದು?"

ನಾನು ಛಾವಣಿ ನೋಡಿದೆ. ರಬಾಬ್ ನೆಲ ನೋಡಿದಳು.

"ಉಪ್ಪಿನಕಾಯಿ ಅಂಗಡಿ" ಎಂದಳು ಇನ್ಸಾಫ್. "ನಿನ್ನೆವರೆಗೆ."

ಮರುದಿನ ಮನೆಗೆ ಬಂದು ಮಲಗಿದ್ದಾಗ ಬಾಗಿಲು ತಟ್ಟಿದ ಸದ್ದಾಯಿತು. ಇನ್ಸಾಫ್ ಉಪ್ಪಿನಕಾಯಿ ಹೇಳಿಕಳಿಸಿದ್ದು ಹಿಂದಿನ ಬೀದಿಯ ಶಹಾತಾನ ಅಂಗಡಿಗೆ. ಅವನದೂ ನನ್ನದೇ ಕಸುಬು. ಅವನ ಅಂಗಡಿಯ ಮುಂದೆ ಹಾಯುವಾಗ ನಾನು ಇಪ್ಪತ್ತು ವರ್ಷದಿಂದ ಮೂಗು ಮುಚ್ಚಿಕೊಂಡು ನಡೆಯುತ್ತಿದ್ದೇನೆ. ಅವನು ಯಾರ ಕೈಲೂ ಕಳಿಸದೆ ತಾನೇ ಜಾಡಿ ಹೊತ್ತು ಬಂದಿದ್ದ. ಹಾಸಿಗೆಯ ಪಕ್ಕ ಕುಳಿತು, ಕೆಂಪಗಿನ ಟರ್ನಿಪ್ ಹೋಳೊಂದನ್ನು ಎತ್ತಿ ನನ್ನ ಬಾಯಿಗೆ ಹಿಡಿದ.

"ತಿನ್ನು ಉಸ್ತಾದ್ ಬಯ್ಯೂಮಿ, ನಾಚ್ಕೋಬೇಡ."

ತಿಂದೆ. ನಾಲ್ಕು ದಿನ ಸಪ್ಪೆ ತಿಂದ ನಾಲಿಗೆಗೆ ಸ್ವರ್ಗ ಇಳಿದು ಬಂದಂತಾಯಿತು. ಕಣ್ಣಲ್ಲಿ ನೀರು ಬಂತು. (ಉಪ್ಪುನೀರೇ.)

"ಎರಡು ದಿನದಿಂದ ನಿನ್ನ ಗಿರಾಕಿಗಳೆಲ್ಲ ನನ್ನ ಹತ್ರಾನೇ ಬರ್ತಿದಾರೆ" ಎಂದ ಶಹಾತಾ ಸಮಾಧಾನದಿಂದ. "ಉಪ್ಪಿನಕಾಯಿ ತಿಂದ್ರೆ ಮುದುಡ್ತಾರಂತೆ ಹೌದಾ ಅಂತ ಕೇಳ್ತಾರೆ. ಏನ್ ಹೇಳೋದೋ ತಿಳೀತಿರ್ಲಿಲ್ಲ. ಈಗ ಹೇಳ್ತೀನಿ: ಬಯ್ಯೂಮಿಗೇ ಡಾಕ್ಟರು ಉಪ್ಪಿನಕಾಯಿ ಬರ್ಕೊಟ್ಟಿದಾರೆ, ಅವನು ತಿಂದಿದ್ದು ನಂದು, ಅಂತ."

ನಾನು ನ್ಯಾಯಕ್ಕಾಗಿ ಇನ್ಸಾಫಳ ಕಡೆ ತಿರುಗಿದೆ.

"ಹೇಳಣ್ಣಾ, ಧಾರಾಳವಾಗಿ ಹೇಳು" ಎಂದಳು ಅವಳು. "ಸುಳ್ಳೇನಲ್ವಲ್ಲ."

ಪ್ರತಿಭಟಿಸಲು ಬಾಯಿ ತೆರೆದೆ. ಶಹಾತಾ ಅದನ್ನು ತಪ್ಪಾಗಿ ತಿಳಿದು ಇನ್ನೊಂದು ಹೋಳು ಇಟ್ಟ. ನಾನು ಅದನ್ನೂ ತಿಂದೆ.