ಲಂಡನ್ನಿಗೆ ಹೊರಟ ರಕ್ತ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ, ಹಮಾಲಿ ಪಕ್ಕೀರಪ್ಪನ ಬೆರಳತುದಿಯಿಂದ ತೆಗೆದ ಒಂದು ಹನಿ ರಕ್ತ.

ಕೊಟ್ಟೂರಿನ ಶೇಂಗಾ ಮಂಡಿಯ ಸಾವ್ಕಾರ ಕೊಟ್ರಬಸಪ್ಪನವರ ಎದೆಯೊಳಗಿನ ಕವಾಟ ಕೆಟ್ಟು, ಲಂಡನ್ನಿನಲ್ಲಿ ಆಪರೇಷನ್ ಎಂದು ಗೊತ್ತಾಗಿತ್ತು. ಇವರ ರಕ್ತದ ಗುಂಪು ಬಲು ಅಪರೂಪದ್ದು, ಅಂಥವರು ಒಬ್ಬರು ಗೊತ್ತಿದ್ದರೆ ಒಳ್ಳೆಯದು ಎಂದು ಡಾಕ್ಟರು ಅಂದದ್ದೇ ತಡ, ಗುಮಾಸ್ತ ಸೋಮಪ್ಪ ಮಂಡಿಯ ಹಮಾಲರನ್ನೆಲ್ಲ ಲಾರಿಗೆ ತುಂಬಿಕೊಂಡು ದಾವಣಗೆರೆಗೆ ಹೋಗಿ ಎಲ್ಲರ ಬೆರಳು ಚುಚ್ಚಿಸಿಕೊಂಡು ಬಂದ. ಬಂಧುಬಳಗದ ಬೆರಳುಗಳು ಆಗಲೇ ಮುಗಿದಿದ್ದವು. ಹೊಂದಿದ್ದು ಪಕ್ಕೀರಪ್ಪನದೊಂದೇ. ಗೊತ್ತಿರಲಿ ಅಂದದ್ದನ್ನು ಸಾವ್ಕಾರರ ಮನೆಯವರು ಕರೆದುಕೊಂಡೇ ಹೋಗಬೇಕು ಎಂದು ತಿಳಿದರು. ಹೊಸಪೇಟೆಗೆ ಹೋದರೂ ಬುತ್ತಿ ಕಟ್ಟಿಕೊಂಡು ಹೋಗುವ ಮನೆತನ ಅದು. ಪರಸ್ಥಳದಲ್ಲಿ ನಿಂತು ರಕ್ತಕ್ಕೆ ಕೈಯೊಡ್ಡುವುದುಂಟೇ?

ಪಾಸ್‌ಪೋರ್ಟೂ ಬಂತು. ಊರು ಬೆರಗಾಯಿತು. ಜನ ಮನೆಗೇ ಬಂದು ಪಕ್ಕೀರಪ್ಪನ ತೋಳು ನೋಡಿಕೊಂಡು ಹೋದರು. "ಇದಾ ಏನ್ರಿ ಲಂಡನ್ನಿಗೆ ಹೊಂಟಿರೋ ನರ?" ಎಂದು ಒಬ್ಬ ಮುದುಕ ಮುಟ್ಟಿ ಕಣ್ಣಿಗೊತ್ತಿಕೊಂಡ. ಪಕ್ಕೀರಪ್ಪನಿಗೂ ಮೈ ಜುಂ ಅನ್ನುತ್ತಿತ್ತು. ಹುಟ್ಟಿದಾಗಿನಿಂದ ಚೀಲದ ಕೆಳಗೇ ಇದ್ದ ತಲೆ ಇನ್ನು ಮೋಡದ ಮೇಲೆ ಹೋಗುವುದೆಂದರೇನು! ವಿಮಾನ ಹತ್ತಬೇಕು, ಅದೊಂದೇ ಅವನಿಗೆ ಬೇಕಾಗಿದ್ದದ್ದು.

ಆದರೆ ಸಾವ್ಕಾರರ ತಾಯಿ ಹಂಪಮ್ಮ ಒಂದು ಕರಾರು ಹಾಕಿದ್ದಳು.

"ನಮ್ಮ ಮನಿಯಾಗ ಮೊಟ್ಟಿ ಸುದ್ದಾ ಮುಟ್ಟಿದೋರಿಲ್ಲ. ಕುರಿ-ಕೋಳಿ ತಿಂದ ರಕ್ತ ನನ್ನ ಮಗನ ಮೈಯಾಗ ಹೊಗಾಕ ಬಿಡಂಗಿಲ್ಲ. ಲೇ ಪಕ್ಕೀರ, ಇವತ್ತಿನಿಂದ ನೀ ನಮ್ಮ ಹಿತ್ಲಾಗ ಉಣ್ಣಬೇಕು. ಬೀಡಿ ಇಲ್ಲ, ಚಾ ಇಲ್ಲ, ಬಾಡಂತೂ ಇಲ್ಲವಾ ಇಲ್ಲ!"

ತಿಂಗಳಿಡೀ ಬರೀ ಅನ್ನ-ತೊವ್ವೆ ತಿಂದ. ಅಷ್ಟು ದಿನ ತಡೆದವನು ಹೊರಡುವ ದಿನ ಬೆಳಿಗ್ಗೆ ಜಾರಿದ. ಪಕ್ಕದ ಮನೆಯಲ್ಲಿ ಸೈಕಲ್ ರಿಪೇರಿ ದಾವಲ್ ಸಾಬನ ಹೆಂಡತಿ ಪೀರ್ ಬೀ ಒಲೆಯ ಮೇಲೆ ಮಟನ್ ಇಟ್ಟಿದ್ದಳು. ಘಮಲು ಗೋಡೆ ದಾಟಿ ಬಂತು.

"ಊರು ಬಿಟ್ಟು ಹೊಂಟೀಯಪಾ, ಒಂದು ತುತ್ತರ ತಿಂದು ಹೋಗು," ಎಂದ ದಾವಲ್ ಸಾಬ್. "ರಕ್ತಕ್ಕೇನು ನಾಲಿಗಿ ಐತೇನು, ಹೋಗಿ ಹೇಳಾಕ?"

ಪಕ್ಕೀರಪ್ಪ ಎರಡನೇ ತುತ್ತು ಬಾಯಿಗಿಟ್ಟಿದ್ದ. ಬಾಗಿಲಲ್ಲಿ ಸೋಮಪ್ಪ!

"ಅಯ್ಯಯ್ಯೋ ಕೆಟ್ಟೆವ್ರೆಪೋ! ಸಾವ್ಕಾರ್ರ ರಕ್ತದಾಗ ಕುರಿ ಹೊಕ್ಕೈತಿ!"

ಓಣಿಗೆ ಓಣಿಯೇ ಕೂಡಿತು. ತಿಂದದ್ದು ರಕ್ತಕ್ಕೆ ಇಳಿಯಲು ಒಂದು ತಾಸು ಬೇಕು ಎಂದ ಒಬ್ಬ. ಅಲ್ಲಿಯತನಕ ತಲೆಕೆಳಗಾಗಿ ನಿಲ್ಲಿಸಿರಿ ಎಂದ ಇನ್ನೊಬ್ಬ. ನಿಲ್ಲಿಸಿಯೂ ನೋಡಿದರು. ಹಂಪಮ್ಮ ಲೋಟದ ತುಂಬ ಹರಳೆಣ್ಣೆ ತಂದು, ಮೂಗು ಹಿಡಿದು ತಾನೇ ಕುಡಿಸಿದಳು. ಆಮೇಲೆ ಗೋಮೂತ್ರ, ಆಮೇಲೆ ತಣ್ಣೀರು ಸ್ನಾನ, ಹಣೆ ತುಂಬ ವಿಭೂತಿ. ಮಧ್ಯಾಹ್ನದ ಹೊತ್ತಿಗೆ ಪಕ್ಕೀರಪ್ಪ ಚೆಂಬು ಹಿಡಿದು ಓಡಿ ಓಡಿ, ಹಿಂಡಿದ ಬಟ್ಟೆಯಂತಾಗಿದ್ದ.

"ಬ್ಯಾಡ ಅಂದುಬಿಡ್ರಿ, ಯಾರಿಗೆ ಬೇಕು ಈ ಲಂಡನ್ನು," ಎಂದು ಹೆಂಡತಿ ಹುಲುಗಮ್ಮ ಕಣ್ಣೀರು ಹಾಕಿದಳು.

"ಸುಮ್ನಿರಬೇ. ವಿಮಾನದಾಗ ಒಮ್ಮೆ ಕುಂತ್ರ ಈ ಹರಳೆಣ್ಣಿ ಏನ್ ಮಹಾ?" ಎಂದವನೇ ಮತ್ತೆ ಚೆಂಬು ಹಿಡಿದ.

ಸಂಜೆ ಸಾವ್ಕಾರರ ಮನೆಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಎರವಲು ಕೋಟು ತೊಟ್ಟು, ಕೊರಳಲ್ಲಿ ಹಾರ ಹಾಕಿಕೊಂಡು ಪಕ್ಕೀರಪ್ಪ ಅಂಬಾಸಿಡರಿನ ಮುಂದಿನ ಸೀಟಿನಲ್ಲಿ ಕುಳಿತ. ಮಂಡಿಯ ಹಮಾಲರು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಅವನ ಎದೆ ಉಬ್ಬಿ ಕೋಟಿನ ಗುಂಡಿಯೇ ಬಿಗಿಯಾಯಿತು.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಮುಂಬೈಯಲ್ಲಿದ್ದ ಸಾವ್ಕಾರರ ಅಳಿಯನ ಟ್ರಂಕ್ ಕಾಲು. ಸೋಮಪ್ಪ ಕೇಳಿಸಿಕೊಂಡು ಓಡಿ ಬಂದ.

"ಅವ್ವಾರ, ಮಂದಿ ಕರಕೊಂಡು ಬರಾದು ಬ್ಯಾಡಂತ್ರಿ! ಆ ಗುಂಪಿನ ರಕ್ತ ಲಂಡನ್ ಆಸ್ಪತ್ರ್ಯಾಗಾ ಬಾಟ್ಲಿಗಟ್ಲೆ ಐತಂತ. ಅಲ್ಲಿಯೋರು ತಾವಾಗಿ ಬಂದು ಕೊಟ್ಟು ಹೋಗ್ತಾರಂತ್ರಿ!"

ಪಕ್ಕೀರಪ್ಪನಿಗೆ ಇನ್ನೊಂದು ದಾರಿ ಹೊಳೆಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅವ್ವಾರ, ಅಲ್ಲಿ ಮಂದಿ ಏನೇನು ತಿಂತಾರ ಅಂತ ಕೇಳೀರೇನ್ರಿ?"

ಹಂಪಮ್ಮ ತಟ್ಟನೆ ಸೋಮಪ್ಪನ ಕಡೆ ತಿರುಗಿದಳು. ಸೋಮಪ್ಪ ತಲೆ ಕೆರೆದುಕೊಂಡ. "ಅವ್ರು ತಿನ್ನಂಗಿಲ್ಲ ಅಂಬೋದು ಯಾವ್ದೂ ಇಲ್ರಿ."

ಪಕ್ಕೀರಪ್ಪ ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಹಂಪಮ್ಮ ನಿಧಾನವಾಗಿ ಎರಡೂ ಕೈ ಎತ್ತಿ ಮುಗಿದಳು.

"ಶಿವ ಶಿವಾ! ಫಾರಿನ್ ರಕ್ತ! ಆ ದೊರೆಗುಳು ಎಷ್ಟು ಕೆಂಪಗ ಇರ್ತಾರ! ಅಂಥಾ ರಕ್ತ ಸಿಗಾಕ ನನ್ನ ಮಗ ಪುಣ್ಯಾ ಮಾಡಿರಬೇಕು. ಅದಕ್ಕೆಂಥಾ ಮೈಲಿಗಿ?"

"ಹೌದ್ರಿ ಅವ್ವಾರ, ಹೌದು!" ಎಂದಿತು ಊರು, ಭಕ್ತಿಯಿಂದ.

ಪಕ್ಕೀರಪ್ಪನನ್ನು ಇಳಿಸಿ ಅವನ ಜಾಗದಲ್ಲಿ ಮಾವಿನ ಉಪ್ಪಿನಕಾಯಿಯ ಭರಣಿ ಇಟ್ಟರು. ಸಾವ್ಕಾರರನ್ನು ಕೂರಿಸಿಕೊಂಡು ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಅವನಿಗೆ ಅಳು ಬಂತು. ಹೋಗಲಿ, ಇನ್ನು ಬಾಯಿಗಾದರೂ ಬಿಡುಗಡೆ ಸಿಕ್ಕಿತಲ್ಲ ಎಂದು ಕಣ್ಣೊರೆಸಿಕೊಂಡು ಓಣಿಯ ಕಡೆ ತಿರುಗಿದ.

"ಲೇ ಪಕ್ಕೀರ, ಎಲ್ಲಿಗೆ ಹೊಂಟಿ?" ಹಂಪಮ್ಮ ಕೂಗಿದಳು. "ಲಂಡನ್ ರಕ್ತ ಲಂಡನ್ನಿನಾಗಾ ಉಳೀತೈತಿ. ನನ್ನ ಮಗ ಊರಿಗೆ ಬಂದ ಮ್ಯಾಲೆ ಏನರ ಹೆಚ್ಚುಕಮ್ಮಿ ಆದ್ರ ನೀನಾ ಗತಿ. ಅವನು ಇರೋತನಕ ನೀ ಹಿಂಗಾ ಇರಬೇಕು ನೋಡು. ಸೋಮಪ್ಪ, ಇವನ ಮ್ಯಾಲೆ ಕಣ್ಣಿರಲಿ!"

ಸೋಮಪ್ಪ ಅವನ ರಟ್ಟೆ ಹಿಡಿದು ಹಿತ್ತಲಿಗೆ ಕರೆದೊಯ್ದ. ಅಲ್ಲಿ ತೊವ್ವೆ ಆರುತ್ತಿತ್ತು.