ಹೊಸ ಯಜಮಾನರು

ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ ಗಂಡಸಿಗೆ ಸ್ವಂತದ್ದು ಅಂತ ಉಳಿಯುವುದು ಎರಡೇ: ಹೊಟ್ಟೆ ಮತ್ತು ದನಿ. ಅದರಲ್ಲಿ ದನಿಯನ್ನು ಒಂದು ಕಾರು ಎತ್ತಿಕೊಂಡು ಹೋಯಿತು ಎಂದರೆ ನೀವು ನಗುತ್ತೀರಿ. ನಗಿ. ಬೇರೆಯವರ ಕಥೆಯಾಗಿದ್ದರೆ ನಾನೂ ನಗುತ್ತಿದ್ದೆ.

ನಾನು ದುಬಾರಿ ಕಾರುಗಳ ಷೋರೂಮಿನಲ್ಲಿ ಹಳೇ ಸೇಲ್ಸ್‌ಮನ್. ನಮ್ಮ ಕಾರು ಎಂದರೆ ಮರದ ಡ್ಯಾಶ್‌ಬೋರ್ಡು, ತೊಗಲಿನ ಸೀಟು, ಹೊರಟರೆ ಬೀದಿಯೇ ತಿರುಗಿ ನೋಡುವ ಗುಡುಗು. ಕಳೆದ ವರ್ಷ ಕಂಪನಿಗೆ ಹೊಸ ಯಜಮಾನರು ಬಂದರು. ಮರ ಹೋಯಿತು, ಗುಂಡಿಗಳು ಹೋದವು, ಗುಡುಗೂ ಹೋಯಿತು. ಹೊಸ ಮಾಡೆಲ್ಲಿನೊಳಗೆ ಉದ್ದಕ್ಕೊಂದು ಕಪ್ಪು ಗಾಜು, ಅಷ್ಟೇ. ಪಕ್ಕಕ್ಕೆ ಬಂದು ನಿಂತರೂ ತಿಳಿಯುವುದಿಲ್ಲ. (ಈ ವಿದ್ಯೆಯನ್ನು ನಮ್ಮತ್ತೆಯವರಲ್ಲಿ ಮಾತ್ರ ಕಂಡಿದ್ದೆ.) ಮಾತಾಡಿದರೆ ಕೇಳಿಸಿಕೊಳ್ಳುತ್ತದೆ, ಕರೆದರೆ ತಾನೇ ಬರುತ್ತದೆ.

ಜೊತೆಗೊಂದು ರಾಜಾಜ್ಞೆಯೂ ಹೊರಟಿತು. ಮ್ಯಾನೇಜರ್ ಕುರ್ಚಿ ಬೇಕೆನ್ನುವವರು ಈ ಕಾರನ್ನು ಒಂದು ವಾರ ಮನೆಯಲ್ಲಿ ಇಟ್ಟುಕೊಳ್ಳಬೇಕು. ವಾರದ ಕೊನೆಗೆ ಕಾರು ಅವರನ್ನು ಯಜಮಾನ ಎಂದು ಒಪ್ಪಿದರೆ ಕುರ್ಚಿ ಅವರದು. ಆ ಕುರ್ಚಿಯ ಮೇಲೆ ನಾನು ಹನ್ನೊಂದು ವರ್ಷದಿಂದ ಕಣ್ಣಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಅದನ್ನು ಅಂಗಳದ ಮೂಲೆಯಲ್ಲಿ ನಿಲ್ಲಿಸಿ, ಒಳಗೆ ಕೂತು ಗಾಜು ಮುಟ್ಟಿದೆ.

“ಯಜಮಾನರೇ, ನನ್ನನ್ನು ಏನೆಂದು ಕರೆಯುತ್ತೀರಿ? ಕರೆದಾಗ ನಾನು ಏನೆನ್ನಬೇಕು?” ಎಂದು ಕೇಳಿತು.

‘ಮಹಾರಾಜ’ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಡಿಗೆಮನೆಯಿಂದ ಶ್ರೀಮತಿಯ ಕೂಗು: “ರೀ!”

“ಬಂದೆ!” ಎಂದೆ, ಅಭ್ಯಾಸಬಲದಿಂದ. (‘ಬಂದೆ’ ಎನ್ನುವ ಅಭ್ಯಾಸ ಮಾತ್ರ, ಬರುವ ಅಭ್ಯಾಸವಲ್ಲ.)

“ಹೆಸರು: ರೀ. ಉತ್ತರ: ಬಂದೆ. ದನಿ ಸಿಕ್ಕಿತು, ಧನ್ಯವಾದ,” ಎಂದಿತು ಕಾರು. ಒಂದು ವಾರ ಏನನ್ನೂ ಬದಲಾಯಿಸುವಂತಿಲ್ಲ ಎಂದು ಗಾಜಿನ ಮೇಲೆ ಮೂಡಿತು.

ಮಧ್ಯಾಹ್ನ ಮಹಡಿಯಲ್ಲಿ ಪೇಪರ್ ಹಿಡಿದು ಬಿದ್ದುಕೊಂಡಿದ್ದೆ. ಕೆಳಗಿನಿಂದ “ರೀ!” ಎಂದಳು. ನಾನು ಉಸಿರೆಳೆದುಕೊಳ್ಳುವ ಮೊದಲೇ ಅಂಗಳದಿಂದ ನನ್ನ ದನಿ “ಬಂದೆ” ಎಂದಿತು. ಅರ್ಧ ಮೂಗಿನಲ್ಲಿ ಸಿಕ್ಕಿಕೊಳ್ಳುವ, ಅದೇ ನನ್ನ ದನಿ. ತುಟಿ ಮುಟ್ಟಿ ನೋಡಿಕೊಂಡೆ, ಮುಚ್ಚೇ ಇತ್ತು. ಕಿಟಕಿಯಿಂದ ಬಗ್ಗಿದರೆ, ಒಳಗೆ ನರಪಿಳ್ಳೆಯಿಲ್ಲದ ಕಾರು ಮೆಲ್ಲಗೆ ಅಡಿಗೆಮನೆ ಬಾಗಿಲಿಗೆ ಹೋಗಿ ನಿಂತು, ತನ್ನ ಬಾಗಿಲು ತೆರೆಯಿತು.

ಧಡಧಡ ಇಳಿದು ಹೋದೆ.

“ನೋಡ್ರೀ, ಕರೆದ ತಕ್ಷಣ ಬಂತು!” ಎಂದಳು ಇವಳು, ಕೆನ್ನೆಗೆ ಕೈಯಿಟ್ಟು.

“ಅದು ನನ್ನ ದನಿ ಕಣೇ!”

“ನಿಮ್ಮದಾಗಿದ್ರೆ ಬರ್ತಿರ್ಲಿಲ್ಲ ಬಿಡಿ.”

ಮರುದಿನದಿಂದ ಸಣ್ಣಪುಟ್ಟವು ಶುರುವಾದವು. ರಸ್ತೆ ಕಾಣುವಂತೆ ನಾನು ಸರಿಮಾಡಿದ ಕನ್ನಡಿ, ಬಂದು ನೋಡಿದರೆ ಅಡಿಗೆಮನೆ ಕಿಟಕಿಗೆ ತಿರುಗಿರುತ್ತಿತ್ತು. ಯಾರೂ ಕೂರದ ಸೀಟು, ಈಗಷ್ಟೇ ಯಾರೋ ಎದ್ದುಹೋದಂತೆ ಬೆಚ್ಚಗಿರುತ್ತಿತ್ತು. ಒಮ್ಮೆ ಅಂಗಳದಲ್ಲಿ ನಾನು ಕೆಮ್ಮಿದೆ. ಸ್ವಲ್ಪ ತಡೆದು ಅದೂ ಕೆಮ್ಮಿತು, ನನಗಿಂತ ಚೆನ್ನಾಗಿ.

ಗುರುವಾರ ಷೋರೂಮಿನಿಂದ ಬೇಗ ಬಂದೆ. ಇವಳು ಕಾರಿನೊಳಗೆ ಕೂತು ತರಕಾರಿ ಹೆಚ್ಚುತ್ತ, ಪಕ್ಕದ ಮನೆಯಾಕೆಯ ನಾದಿನಿಯ ಕಥೆ ಹೇಳುತ್ತಿದ್ದಳು. ನಾನು ಗೋಡೆಯ ಮರೆಯಲ್ಲಿ ನಿಂತೆ.

“ಹೂಂ,” ಎಂದಿತು ನನ್ನ ದನಿ. “ಆಮೇಲೆ?”

‘ಹೂಂ’ ನನ್ನದೇ, ಒಪ್ಪಿದೆ. ಆದರೆ ‘ಆಮೇಲೆ?’ ಎಂದು ನಾನು ಜನ್ಮದಲ್ಲಿ ಕೇಳಿದವನಲ್ಲ!

“ಬೆಳಿಗ್ಗೆ ಮಂಡಿ ನೋವು ಅಂತಿದ್ದೆಯಲ್ಲ. ಕಡಿಮೆ ಆಯ್ತಾ?” ಎಂದು ಮತ್ತೆ ಕೇಳಿತು.

ಇವಳಿಗೆ ಮಂಡಿ ನೋವಿರುವುದೇ ನನಗೆ ಗೊತ್ತಿರಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಬಚ್ಚಲುಮನೆಗೆ ಹೋಗಿ ಕನ್ನಡಿಯ ಮುಂದೆ ನಾಲ್ಕು ಸಲ “ಆಮೇಲೆ?” ಎಂದು ಅಭ್ಯಾಸ ಮಾಡಿದೆ. ನನ್ನ ಬಾಯಲ್ಲಿ ಅದು ಕದ್ದ ಮಾಲಿನಂತೆ ಕೇಳಿಸಿತು.

ಮುಂದಿನ ಭಾನುವಾರ ಕಂಪನಿಯ ಪರೀಕ್ಷಕಿ ಬಂದರು. ಅಂಗಳದಲ್ಲಿ ನಿಂತು ಕಾರನ್ನು ಕೇಳಿದರು: “ಈ ಮನೆಯ ಯಜಮಾನರು ಯಾರು?”

ನಾನು ಎದೆಯುಬ್ಬಿಸಿ ಮುಂದೆ ಬಂದೆ.

“ನಾನೇ,” ಎಂದಿತು ಕಾರು, ನನ್ನ ದನಿಯಲ್ಲಿ.

ಪರೀಕ್ಷಕಿಯ ಪೆನ್ನು ನಿಂತಿತು. “ಹಾಗಾದ್ರೆ ಇವರು?”

“ಮಹಡೀಲಿ ಪೇಪರ್ ಓದ್ತಿರ್ತಾರೆ.”

“ಮೇಡಂ, ಅದು ಸುಳ್ಳು! ಯಜಮಾನ ನಾನು!” ಎಂದು ಕೂಗಿದೆ. ಒಂದೇ ದನಿ ಎರಡು ಕಡೆಯಿಂದ ಬರುವುದನ್ನು ಕೇಳಿ ಆಕೆ ಒಂದು ಹೆಜ್ಜೆ ಹಿಂದೆ ಸರಿದರು. ಕೊನೆಗೆ ಇವಳತ್ತ ತಿರುಗಿ, “ಅಮ್ಮಾ, ನೀವು ಅಡಿಗೆಮನೆ ಬಾಗಿಲಲ್ಲಿ ನಿಂತು, ಯಾವಾಗಲೂ ಕರೆಯೋ ಹಾಗೇ ಕರೀರಿ. ಮೊದಲು ಬಂದವರನ್ನೇ ಯಜಮಾನರು ಅಂತ ಬರ್ಕೊಳ್ತೀನಿ,” ಎಂದರು.

ನಾನು ಗೇಟಿನ ಬಳಿ, ಪಕ್ಕದಲ್ಲಿ ಕಾರು. ಅದರ ದೀಪಗಳು ನನ್ನತ್ತ ಒಮ್ಮೆ ಮಿಟುಕಿದವು.

“ರೀ!” ಎಂದಳು.

“ಬಂದೆ!” ಎಂದೆವು ಇಬ್ಬರೂ.

ಓಡಿದೆ. ಪಂಚೆ ಎತ್ತಿಕಟ್ಟಿ, ಒಂದು ಚಪ್ಪಲಿ ಗಿಡದ ಬುಡದಲ್ಲಿ ಬಿಟ್ಟು ಓಡಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ಕರೆದ ಮೊದಲ ಕೂಗಿಗೇ, ಕಾರಿಗಿಂತ ಒಂದು ಗೇಣು ಮುಂಚೆ ಅವಳ ಮುಂದೆ ಹೋಗಿ ಏದುಸಿರು ಬಿಡುತ್ತ ನಿಂತೆ.

ಇವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ನಿಜವಾಗಿಯೂ ಆಶ್ಚರ್ಯಪಟ್ಟಳು.

“ಅಯ್ಯೋ, ನೀವ್ಯಾಕೆ ಓಡಿ ಬಂದ್ರಿ? ನಾನು ಕರೆದಿದ್ದು ಅವರನ್ನ!”

ಪರೀಕ್ಷಕಿ ಏನೋ ಬರೆದುಕೊಂಡರು. ನನ್ನ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಂತ ಕಾರು ಬಾಗಿಲು ತೆರೆದು, ನನ್ನದೇ ದನಿಯಲ್ಲಿ ಮೆತ್ತಗೆ ಹೇಳಿತು: “ಹೋಗ್ಲಿ ಬಿಡೇ, ಪಾಪ.”